ಕೆರೆಗೆ ಬಿಟ್ಟಿದ್ದೇ ನಲ್ಲೀಲಿ ಬರ್ತಿದೆ: ನಮ್ಮ ಪುರಸಭೆಗೂ ನಮ್ಮೂರ ಜನಕ್ಕೂ ಒಂದು ಬಹಿರಂಗ ಪತ್ರ

ಮಾನ್ಯ ಮುಖ್ಯಾಧಿಕಾರಿ ಮೇಡಂ ಅವರಿಗೆ, ಅಧ್ಯಕ್ಷರಿಗೆ, ಎಲ್ಲಾ ವಾರ್ಡಿನ ಮೆಂಬರುಗಳಿಗೆ, ಮತ್ತೆ ನಮ್ಮೂರ ಜನಕ್ಕೆ ನಮಸ್ಕಾರ.

ನಾನು ಬಸ್‌ಸ್ಟ್ಯಾಂಡ್ ಹತ್ರ ಜೆರಾಕ್ಸ್ ಅಂಗಡಿ ಇಟ್ಕೊಂಡಿರೋಳು. ಹನ್ನೊಂದು ವರ್ಷ ಆಯ್ತು ಅಂಗಡಿ ಹಾಕಿ. ಜೆರಾಕ್ಸ್ ಜೊತೆಗೆ ಅರ್ಜಿ ಬರ್ಕೊಡೋದು, ಟೈಪ್ ಮಾಡ್ಕೊಡೋದು ಎಲ್ಲಾ ಮಾಡ್ತೀನಿ, ಹಂಗಾಗಿ ಪುರಸಭೆಗೆ ಹೋಗೋ ಅರ್ಜಿಗಳಲ್ಲಿ ಎಷ್ಟೋ ನನ್ನ ಕೈ ದಾಟೇ ಹೋಗಿರ್ತವೆ. ಶಿವರಾತ್ರಿ ಕಳೀತು ಅಂದ್ರೆ ಒಂದೇ ಥರದ ಅರ್ಜಿ ಶುರುವಾಗುತ್ತೆ, "ವಿಷಯ: ನಮ್ಮ ಬೀದಿಗೆ ಕುಡಿಯುವ ನೀರು ಬಿಡುವ ಬಗ್ಗೆ". ಮಳೆ ಹಿಡೀತು ಅಂದ್ರೆ ಇನ್ನೊಂದು ಥರದ್ದು, "ವಿಷಯ: ಚರಂಡಿ ಕ್ಲೀನ್ ಮಾಡಿಸುವ ಬಗ್ಗೆ". ಅದೇ ಬೀದಿ, ಅದೇ ಜನ, ಕೆಲವು ಸಲ ಅದೇ ಹೆಂಗಸರು ಎರಡಕ್ಕೂ ಸೈನ್ ಹಾಕಿರ್ತಾರೆ. ಒಳಗೆ ಹೋದ್ಮೇಲೆ ಒಂದು ಅರ್ಜಿ ನೀರಿನ ಟೇಬಲ್ಲಿಗೆ ಹೋಗುತ್ತೆ, ಇನ್ನೊಂದು ಹೆಲ್ತ್ ಇನ್ಸ್‌ಪೆಕ್ಟರ್ ಟೇಬಲ್ಲಿಗೆ ಹೋಗುತ್ತೆ. ನಾನು ಇವತ್ತು ಹೇಳ್ಬೇಕಾಗಿರೋದು ಇಷ್ಟೇ, ಅವೆರಡೂ ಒಂದೇ ಅರ್ಜಿ. ನಮ್ಮೂರಲ್ಲಿ ಮನೆಯಿಂದ ಆಚೆ ಹೋಗೋ ಕೊಳಕು ಮತ್ತೆ ಮನೆ ಒಳಗೆ ಬರೋ ನೀರು, ಎರಡೂ ಕೆರೇಲಿ ಸೇರ್ತಿವೆ, ಅದನ್ನ ಎರಡು ಟೇಬಲ್ ಮೇಲೆ ಇಟ್ಕೊಂಡು ಕೂತ್ರೆ ಯಾವತ್ತೂ ಬಗೆಹರಿಯಲ್ಲ.

ಊರ ಹೆಸರು ಬೇಕಂತಲೇ ಬರೀತಿಲ್ಲ. ನಮ್ಮೂರವರಿಗೆ ಓದಿದ ತಕ್ಷಣ ಗೊತ್ತಾಗುತ್ತೆ. ಒಬ್ಬರ ಮೇಲೆ ಗೂಬೆ ಕೂರಿಸೋಕೆ ಬರೀತಿರೋ ಪತ್ರ ಅಲ್ಲ ಇದು, ಮೇಡಂ ಇಲ್ಲಿಗೆ ಬಂದು ಇನ್ನೂ ವರ್ಷ ಕೂಡ ಆಗಿಲ್ಲ, ಇದು ಇಪ್ಪತ್ತು ಮೂವತ್ತು ವರ್ಷದಿಂದ ಕಟ್ಕೊಂಡು ಬಂದಿರೋ ಗಂಟು. ಕೋಲಾರ, ಚಿಕ್ಕಬಳ್ಳಾಪುರ ಕಡೆ ಸಣ್ಣ ಊರುಗಳಲ್ಲಿ ಇರೋರು ತಮ್ಮೂರದ್ದೇ ಕಥೆ ಅಂದ್ಕೊಂಡು ಓದಿದ್ರೂ ತಪ್ಪಿಲ್ಲ, ಯಾಕಂದ್ರೆ ನಮ್ಮ ಕಡೆ ವರ್ಷಪೂರ್ತಿ ಹರಿಯೋ ಹೊಳೆ ಅಂತ ಒಂದೂ ಇಲ್ಲ, ಕೆರೆ ಬಿಟ್ರೆ ಬೋರು, ಬೋರು ಬಿಟ್ರೆ ಟ್ಯಾಂಕರು.

ಮೊದಲು ನೀರು ಬರೋ ರಾತ್ರಿ ಬಗ್ಗೆ ಹೇಳ್ತೀನಿ. ನಮ್ಮ ಬೀದಿಗೆ ಒಳ್ಳೇ ಕಾಲದಲ್ಲಿ ಐದು ದಿನಕ್ಕೆ ಒಂದ್ಸಲ ನೀರು, ಬೇಸಿಗೇಲಿ ಒಂಬತ್ತು ಹತ್ತು ದಿನ ಆಗುತ್ತೆ. ಯಾವಾಗ ಬಿಡ್ತಾರೆ ಅನ್ನೋದು ಯಾರಿಗೂ ಗೊತ್ತಿರಲ್ಲ, ರಾತ್ರಿ ಎರಡು ಗಂಟೆಗೂ ಬಿಡ್ಬಹುದು, ಬೆಳಗಿನ ಜಾವ ಐದಕ್ಕೂ ಬಿಡ್ಬಹುದು. ನಮ್ಮತ್ತೆಗೆ ಎಪ್ಪತ್ತೆರಡು ವಯಸ್ಸು, ಅವರು ನಲ್ಲಿ ತಿರುಗಿಸಿಟ್ಟು ಕೆಳಗೆ ಖಾಲಿ ಸ್ಟೀಲ್ ಬಕೆಟ್ ಇಟ್ಟು ಮಲಗ್ತಾರೆ, ಮೊದಲ ಹನಿ ಬಿದ್ದ ಸದ್ದಿಗೆ ಎದ್ದು ಬಿಡ್ತಾರೆ, ಆಮೇಲೆ ಮನೆಯೋರೆಲ್ಲ ಎದ್ದು ಸಂಪು, ಡ್ರಮ್ಮು, ಬಿಂದಿಗೆ, ಪಾತ್ರೆ ಯಾವುದು ಸಿಗುತ್ತೋ ಅದು. ಮೊದಲ ಹತ್ತು ನಿಮಿಷ ಬರೋ ನೀರನ್ನ ನಾವು ಚೆಲ್ತೀವಿ. ಟೀ ಬಣ್ಣಕ್ಕಿರುತ್ತೆ, ಒಂಥರಾ ಮೋರಿ ವಾಸ್ನೆ. ಆಮೇಲೆ ತಿಳಿಯಾಗುತ್ತೆ. ತಿಳಿಯಾದ ಮೇಲೆ ಹಿಡ್ಕೊಳ್ತೀವಿ, ತಿಳಿಯಾಯ್ತಲ್ಲ ಇನ್ನೇನು ಅಂತ. ನಾನೂ ಹಂಗೇ ಅಂದ್ಕೊಂಡಿದ್ದೆ.

ಆ ಮೊದಲ ಹತ್ತು ನಿಮಿಷದ ನೀರು ಎಲ್ಲಿಂದ ಬರುತ್ತೆ ಅಂತ ಒಂದಿನ ಕಣ್ಣಾರೆ ನೋಡಿದೆ. ನೀರು ಬಿಡೋ ಅಣ್ಣ ಬೆಳಗಿನ ಜಾವ ಬಂದ್ರು, ಟಿ ಆಕಾರದ ಉದ್ದನೆ ಕಬ್ಬಿಣದ ಕೀ ಹೆಗಲ ಮೇಲೆ ಹಾಕ್ಕೊಂಡು. ನಮ್ಮ ಬೀದಿ ತಿರುವಲ್ಲಿ ವಾಲ್ವ್ ಗುಂಡಿ ಇದೆ, ಮೇಲೆ ಒಂದು ಮುರಿದ ಚಪ್ಪಡಿ. ಚಪ್ಪಡಿ ಸರಿಸಿದ್ರೆ ಗುಂಡಿ ತುಂಬಾ ಕರೀ ನೀರು, ಪಕ್ಕದಲ್ಲೇ ಚರಂಡಿ, ಚರಂಡಿ ಗೋಡೆ ಒಡೆದು ಅಲ್ಲಿಂದ ಒಸರಿ ಬಂದಿರೋ ನೀರು, ಅದರ ಮೇಲೆ ಶಾಂಪೂ ಪ್ಯಾಕೆಟ್ ತೇಲ್ತಿತ್ತು. ಅಣ್ಣ ಪ್ಯಾಂಟ್ ಮಡಚ್ಕೊಂಡು ಮೊಣಕಾಲುದ್ದ ಆ ನೀರೊಳಗೆ ಇಳಿದು, ಕಾಲಲ್ಲೇ ತಡಕಿ ವಾಲ್ವ್ ತಲೆ ಎಲ್ಲಿದೆ ಅಂತ ಹುಡುಕಿ, ಕೀ ಕೂರಿಸಿ ತಿರುಗಿಸಿದ್ರು. ಕೈಗೆ ಗ್ಲೌಸ್ ಇಲ್ಲ, ಕಾಲಿಗೆ ಬೂಟ್ ಇಲ್ಲ. ನಾನು ಟಾರ್ಚ್ ಹಿಡ್ಕೊಂಡಿದ್ದೆ. ಆ ಗುಂಡಿ ಒಳಗೆ ವಾಲ್ವಿನ ಜಾಯಿಂಟಲ್ಲಿ ಸಣ್ಣದಾಗಿ ಗುಳ್ಳೆ ಏಳ್ತಿತ್ತು, ಅಂದ್ರೆ ಅಲ್ಲಿ ಲೀಕ್ ಇದೆ. ನೀರು ಹರೀವಾಗ ಅಲ್ಲಿಂದ ನೀರು ಆಚೆ ಬರುತ್ತೆ ಸರಿ. ನೀರು ನಿಂತ ಮೇಲೆ? ಪೈಪು ಖಾಲಿ ಆಗ್ತಾ ಆಗ್ತಾ ಸುತ್ತ ಏನಿದ್ಯೋ ಅದನ್ನ ಒಳಕ್ಕೆ ಎಳ್ಕೊಳುತ್ತೆ, ಆ ಕರೀ ನೀರು ಐದು ದಿನ ಪೈಪಲ್ಲೇ ಕೂತಿರುತ್ತೆ, ಮುಂದಿನ ಸಲ ನಮ್ಮನೆ ಬಕೆಟ್ಟಿಗೆ ಬೀಳೋದು ಅದೇ. ದಿನಾ 24 ಗಂಟೆ ನೀರು ಬಿಡೋ ಸ್ಕೀಮ್ ಬಗ್ಗೆ ಎಂಜಿನಿಯರುಗಳು ಮಾತಾಡೋದು ಬರೀ ಅನುಕೂಲಕ್ಕೆ ಅಂತ ನಾನು ತಿಳ್ಕೊಂಡಿದ್ದೆ, ಹುಬ್ಬಳ್ಳಿ-ಧಾರವಾಡ, ಬೆಳಗಾವಿ, ಕಲಬುರಗಿಯ ಕೆಲವು ವಾರ್ಡುಗಳಲ್ಲಿ 2008ರ ಹೊತ್ತಿಗೇ ಅದನ್ನ ಮಾಡಿ ತೋರಿಸಿದ್ರಲ್ಲ, ಅದರಲ್ಲಿ ಪೈಪೊಳಗೆ ಯಾವಾಗ್ಲೂ ಪ್ರೆಷರ್ ಇರೋದ್ರಿಂದ ಆಚೆ ಕೊಳಕು ಒಳಗೆ ನುಗ್ಗೋಕೆ ಆಗಲ್ಲ ಅನ್ನೋದು ನನಗೆ ಆ ಗುಂಡಿ ನೋಡಿದ ದಿನ ಅರ್ಥ ಆಯ್ತು.

ಹೋದ ವರ್ಷ ಯುಗಾದಿ ಆದ್ಮೇಲೆ ನನ್ನ ಚಿಕ್ಕ ಮಗನಿಗೆ ಜಾಂಡೀಸ್ ಆಯ್ತು. ಕಣ್ಣು ಅರಿಶಿಣ, ತಿಂದಿದ್ದೆಲ್ಲ ವಾಂತಿ, ಮೂರು ವಾರ ಸ್ಕೂಲಿಗೆ ಹೋಗ್ಲಿಲ್ಲ. ಡಾಕ್ಟ್ರು ಕೇಳಿದ ಮೊದಲ ಪ್ರಶ್ನೆ, ನೀರು ಯಾವುದಮ್ಮಾ ಕುಡಿಯೋದು? ಅದೇ ತಿಂಗಳು ನಮ್ಮ ಬೀದೀಲಿ ಇನ್ನೂ ನಾಲ್ಕು ಮಕ್ಕಳಿಗೆ ಆಯ್ತು. ನೆಲನೆಲ್ಲಿ ಸೊಪ್ಪು ಅರೆದು ಕೊಡಿ ಅಂದೋರೂ ಇದ್ರು, ದೃಷ್ಟಿ ತೆಗೀರಿ ಅಂದೋರೂ ಇದ್ರು. ನನಗೆ ಮಾತ್ರ ಆ ವಾಲ್ವ್ ಗುಂಡಿ ಕಣ್ಮುಂದೆ ಬರ್ತಿತ್ತು.

ಆಮೇಲೆ ಒಬ್ಬ ಹೈಸ್ಕೂಲ್ ಸೈನ್ಸ್ ಮೇಷ್ಟ್ರು ಹೇಳಿಕೊಟ್ರು, ನೀರಲ್ಲಿ ಮಲದ ಬ್ಯಾಕ್ಟೀರಿಯಾ ಇದ್ಯಾ ಅಂತ ನೋಡೋಕೆ ಸಣ್ಣ ಬಾಟ್ಲಿ ಸಿಗುತ್ತೆ, ಎಚ್ ಟು ಎಸ್ ಬಾಟ್ಲಿ ಅಂತಾರೆ, ಅದರೊಳಗೆ ಔಷಧಿ ಹಾಕಿದ ಕಾಗದ ಇರುತ್ತೆ, ಗುರುತು ಮಟ್ಟಕ್ಕೆ ನೀರು ತುಂಬಿ ಮುಚ್ಚಳ ಹಾಕಿ ಬೆಚ್ಚಗಿರೋ ಕಡೆ ಇಟ್ರೆ ಒಂದೆರಡು ದಿನದಲ್ಲಿ ಕಪ್ಪಾದ್ರೆ ನೀರು ಕೆಟ್ಟಿದೆ ಅಂತ. ನಾಲ್ಕು ಬಾಟ್ಲಿ ತರಿಸಿದೆ. ಒಂದು ನಮ್ಮನೆ ನಲ್ಲಿ ನೀರು, ಒಂದು ಬೀದಿ ಸಿಸ್ಟನ್ (ನಲ್ಲಿ ಇಟ್ಟಿರೋ ಸಣ್ಣ ಟ್ಯಾಂಕ್) ನೀರು, ಒಂದು ಕಾಯಿನ್ ಹಾಕಿ ತರೋ ಫಿಲ್ಟರ್ ನೀರು, ಇನ್ನೊಂದು ಕೆರೆ ಅಂಗಳದ ಬೋರ್ ಹತ್ರ ಪಂಪ್‌ಹೌಸಲ್ಲೇ ಕೇಳಿ ಹಿಡ್ಕೊಂಡು ಬಂದಿದ್ದು. ನಾಲ್ಕಕ್ಕೂ ಚೀಟಿ ಅಂಟಿಸಿ ಅಂಗಡೀಲಿ ಜೆರಾಕ್ಸ್ ಮಿಷಿನ್ ಹಿಂದೆ ಇಟ್ಟೆ, ಅಲ್ಲಿ ಬೆಚ್ಚಗಿರುತ್ತೆ. ಮಾರನೇ ದಿನ ಸಾಯಂಕಾಲಕ್ಕೆ ನಲ್ಲಿ ನೀರಿನ ಬಾಟ್ಲಿ ಇದ್ದಿಲ ಥರ ಕಪ್ಪು. ಸಿಸ್ಟನ್ ಬಾಟ್ಲಿ ಅದಕ್ಕಿಂತ ಸ್ವಲ್ಪ ನಿಧಾನಕ್ಕೆ ಕಪ್ಪಾಯ್ತು. ಫಿಲ್ಟರ್ ನೀರು ಹಂಗೇ ಇತ್ತು. ಬೋರ್ ನೀರು ಎರಡನೇ ದಿನಕ್ಕೆ ಕಪ್ಪಾಯ್ತು, ನನ್ನನ್ನ ಹೆದರಿಸಿದ್ದು ಅದು. ನಲ್ಲಿ ನೀರು ಪೈಪಲ್ಲಿ ಕೆಡುತ್ತೆ ಸರಿ, ಬೋರಿಂದ ನೇರ ಬಂದಿದ್ದೂ ಕೆಟ್ಟಿದೆ ಅಂದ್ರೆ ಏನರ್ಥ? ಇದು ಲ್ಯಾಬ್ ರಿಪೋರ್ಟ್ ಅಲ್ಲ ಅಂತ ನನಗೂ ಗೊತ್ತು, ಮೇಡಂ, ಇದು ಬರೀ ಎಚ್ಚರಿಕೆ ಗಂಟೆ. ಅದಕ್ಕೇ ಲ್ಯಾಬಲ್ಲಿ ಮಾಡಿಸಿ ಅಂತ ನಿಮ್ಮನ್ನ ಕೇಳ್ತಿರೋದು. ಆ ಬಾಟ್ಲಿಗಳು ಇನ್ನೂ ನನ್ನ ಅಂಗಡೀಲೇ ಇವೆ.

ಬೋರು ಯಾಕೆ ಕೆಟ್ಟಿದೆ ಅಂತ ತಿಳ್ಕೊಳ್ಳೋಕೆ ನಾನು ಟಾಯ್ಲೆಟ್ ಗುಂಡಿ ಖಾಲಿ ಮಾಡೋ ಸಕ್ಕಿಂಗ್ ಗಾಡಿ ಹಿಂದೆ ಹೋದೆ. ನಮ್ಮೂರಲ್ಲಿ ಯುಜಿಡಿ, ಅಂದ್ರೆ ನೆಲದೊಳಗಿನ ಒಳಚರಂಡಿ ಇಲ್ಲ. ಹಳೇ ಊರಲ್ಲಿ ಸೆಪ್ಟಿಕ್ ಟ್ಯಾಂಕ್ ಅಂತ ಹೇಳೋದೆಲ್ಲ ನಿಜವಾದ ಸೆಪ್ಟಿಕ್ ಟ್ಯಾಂಕ್ ಅಲ್ಲ, ಸಿಮೆಂಟ್ ರಿಂಗ್ ಇಳಿಸಿ ತಳ ಹಾಕದೇ ಬಿಟ್ಟಿರೋ ಪಿಟ್ ಗುಂಡಿಗಳು, ಕೆಲವು ಕಡೆ ಬತ್ತಿ ಹೋದ ಹಳೇ ಬಾವಿಗೇ ಟಾಯ್ಲೆಟ್ ಪೈಪ್ ಬಿಟ್ಟಿದ್ದಾರೆ. ತುಂಬಿದಾಗ ಫೋನ್ ಮಾಡಿದ್ರೆ ಪ್ರೈವೇಟ್ ಗಾಡಿ ಬರುತ್ತೆ, ದುಡ್ಡು ಕೊಟ್ರೆ ಎಳ್ಕೊಂಡು ಹೋಗುತ್ತೆ. ಎಲ್ಲಿಗೆ ಹೋಗುತ್ತೆ ಅಂತ ನಾವ್ಯಾರೂ ಕೇಳಿಲ್ಲ, ಗೇಟ್ ದಾಟಿದ್ರೆ ಸಾಕು ನಮಗೆ. ಪಕ್ಕದ ಮನೆಗೆ ಬಂದಿದ್ದ ಗಾಡಿ ಹಿಂದೆ ಸ್ಕೂಟೀಲಿ ಹೋದೆ. ಊರಾಚೆ ಸ್ಮಶಾನ ದಾಟಿ ರಾಜಕಾಲುವೆ ಮೇಲಿನ ಸಣ್ಣ ಸೇತುವೆ ಹತ್ರ ನಿಲ್ಲಿಸಿ ಪೈಪ್ ಬಿಚ್ಚಿ ಬಿಟ್ರು. ಐದು ನಿಮಿಷದಲ್ಲಿ ಖಾಲಿ. ಆ ರಾಜಕಾಲುವೆ ಒಂದು ಕಿಲೋಮೀಟರ್ ಮುಂದೆ ಕೆರೆಗೆ ಸೇರುತ್ತೆ, ಆ ಕೆರೆ ಅಂಗಳದಲ್ಲೇ ನಮ್ಮ ಊರಿಗೆ ನೀರು ಕೊಡೋ ಬೋರುಗಳಿರೋದು. ಡ್ರೈವರ್ ಹುಡುಗನನ್ನ ಕೇಳಿದ್ದಕ್ಕೆ ಅವನು ಜಗಳಕ್ಕೆ ಬರ್ಲಿಲ್ಲ. "ಅಕ್ಕಾ, ಎಲ್ಲಿ ಹಾಕ್ಬೇಕು ಅಂತ ಒಂದು ಜಾಗ ತೋರ್ಸಿ, ಅಲ್ಲೇ ಹಾಕ್ತೀನಿ, ಹೊಲದೋರು ಬೈತಾರೆ, ರೋಡಲ್ಲಿ ಹಾಕಿದ್ರೆ ಪೊಲೀಸ್ ಹಿಡೀತಾರೆ, ಇಲ್ಲಿ ಯಾರೂ ಏನೂ ಅನ್ನಲ್ಲ" ಅಂದ. ಅವನ ಮಾತಿಗೆ ನನ್ನ ಹತ್ರ ಉತ್ತರ ಇರ್ಲಿಲ್ಲ. ಉತ್ತರ ನೀವು ಕೊಡ್ಬೇಕು.

ಇಲ್ಲಿ ಒಂದು ಮಾತು ನಮ್ಮ ಜಿಲ್ಲೆಯೋರಿಗೆಲ್ಲ ಹೇಳ್ಬೇಕು ಅನ್ಸುತ್ತೆ. ಕೆ.ಸಿ. ವ್ಯಾಲಿ ನೀರು ಬಂತಲ್ಲ, ಬೆಂಗಳೂರಿನ ಕೊಳಚೆ ನೀರನ್ನ ಎರಡು ಹಂತ ಶುದ್ಧ ಮಾಡಿ ಕೋಲಾರದ ಕೆರೆಗಳಿಗೆ ತುಂಬಿಸೋದು, ದಿನಕ್ಕೆ 44 ಕೋಟಿ ಲೀಟರಿನ ಯೋಜನೆ, 2018ರ ಜೂನಲ್ಲಿ ಲಕ್ಷ್ಮೀಸಾಗರ ಕೆರೆಗೆ ಮೊದಲ ನೀರು ಬಂತು. ಬತ್ತಿದ್ದ ಬೋರುಗಳಲ್ಲಿ ನೀರು ಬಂದಿದ್ದು ನಿಜ. ಕೆರೇಲಿ ನೊರೆ ಬಂದಾಗ ಗಲಾಟೆ ಆಗಿದ್ದೂ ನಿಜ, ಮೂರನೇ ಹಂತದ ಶುದ್ಧೀಕರಣ ಮಾಡಿ ಅಂತ ನಮ್ಮ ಜನ ಬೀದಿಗಿಳಿದ್ರು, ಕೋರ್ಟಿಗೂ ಹೋದ್ರು, ಅದರಲ್ಲಿ ಒಂದಕ್ಷರ ತಪ್ಪಿಲ್ಲ, ಆ ಬೇಡಿಕೆ ನನ್ನದೂ ಹೌದು. ಆದ್ರೆ ಬೆಂಗಳೂರಿನವರನ್ನ ಮೂರನೇ ಹಂತ ಎಲ್ಲಿ ಅಂತ ಕೇಳೋ ನಾವು, ನಮ್ಮೂರಿಂದ ಕೆರೆಗೆ ಬಿಡೋದಕ್ಕೆ ಒಂದನೇ ಹಂತ ಆದ್ರೂ ಇದ್ಯಾ? ಎರಡೂ ಇಲ್ಲ, ಒಂದೂ ಇಲ್ಲ, ಟಾಯ್ಲೆಟ್ ಗುಂಡಿಯಿಂದ ನೇರ ಕೆರೆಗೆ. ನೂರು ಕಿಲೋಮೀಟರ್ ದೂರದ ಕೊಳಚೆ ನಮ್ಮ ಕಣ್ಣಿಗೆ ಬಿತ್ತು, ನಮ್ಮ ಓಣೀದು ಬೀಳ್ಲಿಲ್ಲ. ಇದನ್ನ ಬರೀವಾಗ ನನಗೇ ಸಂಕಟ ಆಗ್ತಿದೆ.

ನೈಟ್ರೇಟ್ ಅಂತ ಒಂದಿದೆ, ಮಲಮೂತ್ರ ನೆಲಕ್ಕಿಳಿದ್ರೆ ಅಂತರ್ಜಲಕ್ಕೆ ಸೇರೋದು. ಐಎಸ್ 10500 ಅನ್ನೋ ಭಾರತೀಯ ಮಾನದಂಡದ ಪ್ರಕಾರ ಕುಡಿಯೋ ನೀರಲ್ಲಿ ಲೀಟರಿಗೆ 45 ಮಿಲಿಗ್ರಾಂ ದಾಟಬಾರದು. ಅದು ಕಾಯಿಸಿದ್ರೆ ಹೋಗಲ್ಲ, ಕಾಯಿಸಿದಷ್ಟೂ ನೀರು ಆವಿಯಾಗಿ ಇನ್ನೂ ಗಟ್ಟಿಯಾಗುತ್ತೆ, ಹಸುಗೂಸುಗಳಿಗೆ ಬಾಟ್ಲಿ ಹಾಲು ಕಲೆಸೋ ತಾಯಂದಿರು ಇದನ್ನ ತಿಳ್ಕೊಂಡಿರ್ಬೇಕು. ಫ್ಲೋರೈಡ್ ಕಥೆ ನಮ್ಮ ಜಿಲ್ಲೇಲಿ ಹೇಳೋದೇ ಬೇಡ, 1.5 ಮಿಲಿಗ್ರಾಂ ಕೊನೇ ಮಿತಿ, ಬೋರು ಆಳಕ್ಕೆ ಹೋದಷ್ಟೂ ಅದು ಜಾಸ್ತಿ, ಹಲ್ಲು ನೋಡಿದ್ರೆ ಯಾವೂರ ಹುಡುಗ ಅಂತ ಹೇಳೋ ಹಂಗಾಗಿದೆ. ಅದಕ್ಕೇ ಊರಿಗೆಲ್ಲ ಫಿಲ್ಟರ್ ನೀರಿನ ಘಟಕ ಬಂದಿದ್ದು. ಒಳ್ಳೇದೇ ಆಯ್ತು. ಆದ್ರೆ ಘಟಕ ಕೆಟ್ಟು ನಿಂತ್ರೆ ತಿಂಗಳುಗಟ್ಲೆ ನಿಂತೇ ಇರುತ್ತೆ, ಮತ್ತೆ ಅದರ ಹಿಂಬದಿ ಪೈಪಿಂದ ವೇಸ್ಟ್ ನೀರು ಧಾರೆಯಾಗಿ ಚರಂಡಿಗೆ ಹೋಗ್ತಾನೇ ಇರುತ್ತೆ, ಅದನ್ನ ಒಂದು ಸಿಂಟೆಕ್ಸ್ ಇಟ್ಟು ಹಿಡಿದ್ರೆ ಬಸ್‌ಸ್ಟ್ಯಾಂಡ್ ಟಾಯ್ಲೆಟ್ ತೊಳೆಯೋಕೆ ಆದ್ರೂ ಆಗುತ್ತೆ.

ಈಗ ನೀವು ಹೇಳ್ತೀರ, ಯುಜಿಡಿ ಪ್ರಪೋಸಲ್ ಹೋಗಿದೆ, ಬಂದ್ಮೇಲೆ ಎಲ್ಲಾ ಸರಿ ಹೋಗುತ್ತೆ ಅಂತ. ಈ ಮಾತನ್ನ ನಾನು ಮದುವೆಯಾಗಿ ಈ ಊರಿಗೆ ಬಂದಾಗಿಂದ ಕೇಳ್ತಿದ್ದೀನಿ. ಯುಜಿಡಿ ಬೇಡ ಅಂತಿಲ್ಲ. ಆದ್ರೆ ಲೆಕ್ಕ ಹಾಕಿ ನೋಡಿ. ಯುಜಿಡಿ ಇರೋ ಊರಿಗೆ ತಲೆಗೆ ದಿನಕ್ಕೆ 135 ಲೀಟರ್ ನೀರು ಕೊಡ್ಬೇಕು ಅಂತ ಕೇಂದ್ರ ಸರ್ಕಾರದ 1999ರ ಮ್ಯಾನ್ಯುವಲ್ಲೇ ಹೇಳಿತ್ತು, ಇಲ್ಲದ ಊರಿಗೆ 70 ಲೀಟರ್. ಯಾಕೆ ಅಷ್ಟು ಅಂದ್ರೆ, ನೀರು ಸಾಕಷ್ಟು ಹರೀದಿದ್ರೆ ಒಳಚರಂಡಿ ಪೈಪಲ್ಲಿ ಕೊಳೆ ಮುಂದಕ್ಕೆ ಹೋಗಲ್ಲ, ಕಟ್ಕೊಂಡು ಮ್ಯಾನ್‌ಹೋಲಲ್ಲಿ ಉಕ್ಕುತ್ತೆ. ನಮಗೆ ಐದು ದಿನಕ್ಕೊಂದ್ಸಲ ಬರೋ ನೀರಲ್ಲಿ 70 ಲೀಟರ್ ಸಿಗೋದೇ ಕಷ್ಟ. ಹೊಸಾ ನೀರಿನ ಮೂಲ ಇಲ್ಲದೇ ಯುಜಿಡಿ ಒಂದೇ ಬಂದ್ರೆ ಒಣಗಿದ ಪೈಪು, ಉಕ್ಕೋ ಮ್ಯಾನ್‌ಹೋಲು. ಪಶ್ಚಿಮ ಘಟ್ಟದ ನೀರನ್ನ ನಮ್ಮ ಕಡೆ ತರೋ ಎತ್ತಿನಹೊಳೆ ಯೋಜನೆ ಬರುತ್ತೆ ಅಂತೀರ, 2024ರ ಸೆಪ್ಟೆಂಬರಲ್ಲಿ ಗೌರಿ ಹಬ್ಬದ ದಿನ ಸಕಲೇಶಪುರದ ಹತ್ರ ಮೊದಲನೇ ಹಂತಕ್ಕೆ ಚಾಲನೆ ಕೊಟ್ರು, ಟಿವೀಲಿ ನೋಡಿ ನಮ್ಮತ್ತೆ ಕೈ ಮುಗಿದ್ರು, ಅದು ನಮ್ಮೂರ ನಲ್ಲಿಗೆ ಬರೋ ತನಕ ಮಕ್ಕಳು ಏನು ಕುಡೀಬೇಕು?

ದೂರ ಹೋಗೋದೇ ಬೇಡ, ದೇವನಹಳ್ಳಿ ನೋಡ್ಕೊಂಡು ಬನ್ನಿ. ಏರ್‌ಪೋರ್ಟ್ ಇರೋ ದೇವನಹಳ್ಳಿನೇ. 2011ರ ಜನಗಣತಿಗೆ 28 ಸಾವಿರ ಜನ ಇದ್ದ ಊರು, ನಮ್ಮೂರಿಗಿಂತ ಸ್ವಲ್ಪ ದೊಡ್ಡದು, ನಮ್ಮ ಥರಾನೇ ಪುರಸಭೆ, ನಮ್ಮ ಥರಾನೇ ಪಿಟ್ ಗುಂಡಿಗಳು. ಅಲ್ಲಿ 2015ರಲ್ಲೇ ಮಲತ್ಯಾಜ್ಯ ಸಂಸ್ಕರಣಾ ಘಟಕ ಮಾಡಿದ್ರು, ಒಂದು ಊರಿಗೆ ಅಂತ ಮಾಡಿದ್ದು ಇಡೀ ದೇಶಕ್ಕೇ ಅದೇ ಮೊದಲನೇದು. ಸಿಡಿಡಿ ಸೊಸೈಟಿ ಅನ್ನೋ ಸಂಸ್ಥೆಯವರು ಪುರಸಭೆ ಜೊತೆ ಸೇರಿ ಮಾಡಿದ್ದು. ದಿನಕ್ಕೆ 6 ಸಾವಿರ ಲೀಟರ್ ಅದರ ಸಾಮರ್ಥ್ಯ. ಸಕ್ಕಿಂಗ್ ಗಾಡಿ ಬಂದು ಅಲ್ಲಿ ಖಾಲಿ ಮಾಡುತ್ತೆ, ಮುಚ್ಚಿದ ಟ್ಯಾಂಕುಗಳಲ್ಲಿ ಅದು ಕೊಳೆತು ಹದವಾಗುತ್ತೆ, ಗಟ್ಟಿ ಅಂಶ ಮರಳಿನ ಪಾತಿ ಮೇಲೆ ಒಣಗುತ್ತೆ, ಸೋಸಿ ಇಳಿದ ನೀರು ಬೇರೆ ದಾರೀಲಿ ಹೋಗಿ ಶುದ್ಧ ಆಗುತ್ತೆ, ಒಣಗಿದ್ದನ್ನ ಊರಿನ ಹಸಿ ಕಸದ ಜೊತೆ ಸೇರಿಸಿ ಗೊಬ್ಬರ ಮಾಡ್ತಾರೆ. ದೊಡ್ಡ ದೊಡ್ಡ ಮೋಟ್ರು, ಬ್ಲೋಯರ್ ಏನೂ ಬೇಡ, ಇಳಿಜಾರಲ್ಲಿ ತನ್ನಷ್ಟಕ್ಕೆ ತಾನು ಹರೀತಾ ಹೋಗೋ ಹಂಗೆ ಕಟ್ಟಿದ್ದಾರೆ, ನಮ್ಮೂರ ಕರೆಂಟಿನ ಹಣೆಬರಹಕ್ಕೆ ಅದೇ ಸರಿ. ನಮ್ಮ ಕಸ ಹಾಕೋ ಯಾರ್ಡಲ್ಲೇ ಒಂದು ಮೂಲೆ ಜಾಗ ಸಾಕು.

ಮಹಾರಾಷ್ಟ್ರದ ವಾಯಿ ಅನ್ನೋ ಸಣ್ಣ ಊರಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿದ್ದಾರೆ, ಗುಂಡಿ ತುಂಬಿ ಉಕ್ಕೋ ತನಕ ಕಾಯಲ್ಲ, ಮೂರು ವರ್ಷಕ್ಕೊಮ್ಮೆ ಪ್ರತಿ ಮನೆಗೂ ಸರದಿ ಪ್ರಕಾರ ಮುನಿಸಿಪಾಲಿಟಿ ಕಡೆಯಿಂದಾನೇ ಗಾಡಿ ಬರುತ್ತೆ, ಮನೆ ಮುಂದೆ ದುಡ್ಡು ಕೊಡೋ ಹಂಗಿಲ್ಲ, ಟ್ಯಾಕ್ಸಲ್ಲೇ ಸೇರಿರುತ್ತೆ. ನಮ್ಮೂರಿಗೆ ಲೆಕ್ಕ ಹಾಕಿದೆ. ಆರು ಸಾವಿರ ಮನೆ ಅಂದ್ಕೊಳ್ಳೋಣ, ವರ್ಷಕ್ಕೆ ಎರಡು ಸಾವಿರ, ಕೆಲಸದ ದಿನ ಮುನ್ನೂರು ಹಿಡಿದ್ರೆ ದಿನಕ್ಕೆ ಆರೇಳು ಮನೆ. ಎರಡು ಗಾಡಿ ಇದ್ರೆ ಆರಾಮಾಗಿ ಆಗುತ್ತೆ. ಮನೆಗೆ ಮೂರು ಸಾವಿರ ಲೀಟರ್ ಅಂದ್ರೆ ದಿನಕ್ಕೆ ಇಪ್ಪತ್ತು ಸಾವಿರ ಲೀಟರ್, ದೇವನಹಳ್ಳಿ ಘಟಕದ ಮೂರು ಪಟ್ಟಿಗಿಂತ ಸ್ವಲ್ಪ ಜಾಸ್ತೀನೇ ಬೇಕಾಗಬಹುದು. ನಾನು ಎಂಜಿನಿಯರ್ ಅಲ್ಲ, ನನ್ನ ಲೆಕ್ಕ ತಪ್ಪಿದ್ರೆ ತಿದ್ದಿ, ಆದ್ರೆ ಯಾರಾದ್ರೂ ಒಬ್ಬರು ಕೂತು ಈ ಲೆಕ್ಕ ಹಾಕಿ.

ಅಡುಗೆ ಮನೆ, ಬಚ್ಚಲು ನೀರಿನದ್ದು ಬೇರೆ ಲೆಕ್ಕ. ಇಪ್ಪತ್ತೈದು ಸಾವಿರ ಜನಕ್ಕೆ 70 ಲೀಟರ್ ಅಂದ್ರೆ ಹದಿನೇಳೂವರೆ ಲಕ್ಷ ಲೀಟರ್, ಅದರಲ್ಲಿ ನೂರಕ್ಕೆ ಎಂಬತ್ತು ಭಾಗ ವಾಪಸ್ ಕೊಳಚೆಯಾಗಿ ಬರುತ್ತೆ ಅಂತ ಎಂಜಿನಿಯರುಗಳೇ ಹಿಡಿಯೋ ಲೆಕ್ಕ, ಅಂದ್ರೆ ದಿನಕ್ಕೆ 14 ಲಕ್ಷ ಲೀಟರ್ ಚರಂಡೀಲಿ ಹರಿದು ಕೆರೆ ಸೇರ್ತಿದೆ. ಅದನ್ನ ಕೆರೆ ಬಾಯಲ್ಲೇ ತಡೀಬೇಕು, ಹೂಳು ಕೂರೋಕೆ ಒಂದು ಹೊಂಡ, ಆಮೇಲೆ ಜೊಂಡು ಬೆಳೆಸಿದ ಜಲ್ಲಿ ಪಾತಿ, ಇಷ್ಟು ಮಾಡಿದ್ರೂ ಕೆರೆಗೆ ಹೋಗೋ ಕೊಳೆ ಎಷ್ಟೋ ಕಮ್ಮಿ ಆಗುತ್ತೆ.

ಇವೆಲ್ಲ ತಿಂಗಳು ವರ್ಷ ಹಿಡಿಯೋ ಕೆಲಸ, ಒಪ್ಕೊಳ್ತೀನಿ. ಈ ವಾರವೇ ಆಗೋದು ಕೆಲವಿದೆ. ಊರಲ್ಲಿರೋ ಎಲ್ಲಾ ವಾಲ್ವ್ ಗುಂಡಿ ನೀರು ಬಸಿದು, ಲೀಕ್ ಕಟ್ಟಿಸಿ, ಚರಂಡಿ ಕಡೆ ಗೋಡೆಗೆ ಪ್ಲಾಸ್ಟರಿಂಗ್ ಮಾಡಿಸಿ, ಮೇಲೊಂದು ಸರಿಯಾದ ಮುಚ್ಚಳ ಹಾಕ್ಸಿ. ಎಷ್ಟು ಗುಂಡಿ ಇವೆ ಅಂತ ನೀರು ಬಿಡೋ ಅಣ್ಣಂದಿರಿಗೆ ಬಾಯಿಪಾಠ ಇದೆ. ಎರಡನೇದು ಕ್ಲೋರಿನ್. ಪಂಪ್‌ಹೌಸಿಗೆ ನೀರು ಹಿಡಿಯೋಕೆ ಹೋದಾಗ ಬ್ಲೀಚಿಂಗ್ ಪೌಡರ್ ಚೀಲ ನೋಡಿದೆ, ಬಾಯಿ ಬಿಚ್ಚಿ ಮೂಲೇಲಿ ಬಿದ್ದಿತ್ತು, ತೇವ ಹೀರ್ಕೊಂಡು ಸುಣ್ಣದ ಗಡ್ಡೆ ಆಗಿತ್ತು, ವಾಸ್ನೇನೇ ಇರ್ಲಿಲ್ಲ. ಬಾಯಿ ತೆಗೆದಿಟ್ಟ ಬ್ಲೀಚಿಂಗಲ್ಲಿ ಶಕ್ತಿ ಉಳಿಯಲ್ಲ, ಅದನ್ನ ಟ್ಯಾಂಕಿಗೆ ಸುರಿದು ರಿಜಿಸ್ಟರಲ್ಲಿ ಟಿಕ್ ಹಾಕಿದ್ರೆ ಏನು ಬಂತು? ಕೊನೇ ಮನೆ ನಲ್ಲೀಲಿ ಲೀಟರಿಗೆ 0.2 ಮಿಲಿಗ್ರಾಂ ಕ್ಲೋರಿನ್ ಉಳ್ಕೊಂಡಿರ್ಬೇಕು, ಅದನ್ನ ನೋಡೋಕೆ ಸಣ್ಣ ಕಿಟ್ ಸಾಕು, ಎರಡು ಹನಿ ಹಾಕಿದ್ರೆ ಬಣ್ಣ ಬರುತ್ತೆ, ಬಣ್ಣ ಬರ್ದಿದ್ರೆ ಕ್ಲೋರಿನ್ ಇಲ್ಲ. ಆ ಕಿಟ್ ಪ್ರತಿ ವಾರ್ಡಿಗೆ ಒಂದು ಕೊಡಿ, ಸ್ತ್ರೀಶಕ್ತಿ ಸಂಘದ ಹೆಂಗಸರು ನೀರು ಬಂದ ದಿನ ನೋಡಿ ಬರೆದಿಡ್ತಾರೆ, ನಮ್ಮ ಬೀದೀದು ನಾನು ಮಾಡ್ತೀನಿ.

ಮೂರನೇದು, ಪುರಸಭೆ ಗೋಡೆ ಮೇಲೆ ಒಂದು ಬೋರ್ಡು. ಯಾವ ಬೀದಿಗೆ ಯಾವ ದಿನ ಎಷ್ಟೊತ್ತಿಗೆ ನೀರು, ಯಾವ ಬೋರಿನ ನೀರು ಯಾವ ತಾರೀಕು ಟೆಸ್ಟ್ ಆಯ್ತು, ಫ್ಲೋರೈಡ್ ಎಷ್ಟು, ನೈಟ್ರೇಟ್ ಎಷ್ಟು, ಬ್ಯಾಕ್ಟೀರಿಯಾ ಇದ್ಯಾ ಇಲ್ವಾ. ಮಾಹಿತಿ ಹಕ್ಕು ಕಾಯ್ದೆ 2005ರ 4ನೇ ಸೆಕ್ಷನ್ ಪ್ರಕಾರ ನಾವು ಕೇಳೋಕೆ ಮುಂಚೇನೇ ಇಂಥಾ ಮಾಹಿತಿ ಹಾಕ್ಬೇಕು, ಜನ ನನ್ನ ಅಂಗಡೀಲಿ ಹತ್ತು ರೂಪಾಯಿ ಪೋಸ್ಟಲ್ ಆರ್ಡರ್ ಅಂಟಿಸ್ಕೊಂಡು ಕಾಯೋ ಹಂಗೆ ಆಗ್ಬಾರ್ದು. ರಾತ್ರಿ ಎರಡು ಗಂಟೇಲಿ ಬಿಟ್ರೂ ಚಿಂತೆ ಇಲ್ಲ, ಇಂಥಾ ದಿನ ಅಂತ ಗೊತ್ತಿದ್ರೆ ನಮ್ಮತ್ತೆ ಮಿಕ್ಕಿದ ನಾಲ್ಕು ರಾತ್ರಿ ನಿದ್ದೆ ಮಾಡ್ತಾರೆ.

ಟೆಸ್ಟ್ ರಿಪೋರ್ಟ್ ಹಾಕಿದ್ರೆ ಜನ ಹೆದರ್ತಾರೆ ಅಂತ ಒಬ್ಬರು ಮೆಂಬರು ನನಗೆ ಹೇಳಿದ್ರು. 2023ರ ಆಗಸ್ಟಲ್ಲಿ ಚಿತ್ರದುರ್ಗದ ಕವಾಡಿಗರಹಟ್ಟೀಲಿ ನಲ್ಲಿ ನೀರು ಕುಡಿದು ಜನ ಸತ್ರು, ನೂರಕ್ಕೂ ಜಾಸ್ತಿ ಜನ ಆಸ್ಪತ್ರೆ ಸೇರಿದ್ರು. ಜಿಲ್ಲಾ ಕೇಂದ್ರದೊಳಗೇ ಇರೋ ಬಡಾವಣೆ ಅದು. ಅಂಥದ್ದು ಆದ್ಮೇಲೆ ಹೆದರೋದಕ್ಕಿಂತ ಮುಂಚೇನೇ ಹೆದರೋದು ವಾಸಿ.

ದುಡ್ಡಿಲ್ಲ ಅನ್ನೋ ಮಾತು ಪೂರ್ತಿ ಒಪ್ಪೋಕೆ ಆಗಲ್ಲ. 15ನೇ ಹಣಕಾಸು ಆಯೋಗ 2021ರಿಂದ 26ರ ತನಕ ನಮ್ಮಂಥ ಊರುಗಳಿಗೆ ಕೊಟ್ಟ ಅನುದಾನದಲ್ಲಿ ನೂರಕ್ಕೆ ಅರವತ್ತು ಭಾಗ ಕುಡಿಯೋ ನೀರು, ನೈರ್ಮಲ್ಯ ಇದಕ್ಕೇ ಅಂತ ಗಂಟು ಹಾಕಿ ಕೊಟ್ಟಿದ್ದು. ಅಮೃತ್ 2.0 ಅಂತ ಊರುಗಳ ನೀರಿಗೆ ಕೇಂದ್ರದ ಯೋಜನೆ 2021ರ ಅಕ್ಟೋಬರಲ್ಲಿ ಶುರುವಾಯ್ತು, ಸಣ್ಣ ಊರುಗಳನ್ನೂ ಅದರಲ್ಲಿ ಸೇರಿಸಿದ್ರು. ನಮ್ಮೂರಿಗೆ ಎಷ್ಟು ಬಂತು, ಯಾವುದಕ್ಕೆ ಖರ್ಚಾಯ್ತು ಅಂತ ಒಂದು ಹಾಳೇಲಿ ಬರೆದು ಅದೇ ಬೋರ್ಡಿಗೆ ಅಂಟಿಸಿ. ಜೆರಾಕ್ಸ್ ನಾನು ಫ್ರೀಯಾಗಿ ಮಾಡ್ಕೊಡ್ತೀನಿ, ಎಷ್ಟು ಕಾಪಿ ಬೇಕಾದ್ರೂ.

ಇನ್ನು ನಮ್ಮೂರ ಜನಕ್ಕೆ. ಅಣ್ಣಂದಿರೇ, ಅಕ್ಕಂದಿರೇ, ನಾವೂ ಸಾಚಾ ಅಲ್ಲ. ಪೈಪಿಗೆ ನೇರ ಮೋಟ್ರು ಹಾಕಿ ಎಳೆಯೋರು ಎಷ್ಟು ಮನೆ ಇದ್ದೀವಿ? ನಮ್ಮನೇಲೂ ಹೋದ ವರ್ಷದ ತನಕ ಇತ್ತು, ಮಗನಿಗೆ ಹುಷಾರು ತಪ್ಪಿದ ಮೇಲೆ ಬಿಚ್ಚಿಸಿದ್ದು, ಯಾಕಂದ್ರೆ ಮೋಟ್ರು ಎಳೆದಾಗ ಪೈಪಲ್ಲಿರೋ ನೀರು ಮಾತ್ರ ಬರಲ್ಲ, ಲೀಕ್ ಇರೋ ಕಡೆಯಿಂದ ಚರಂಡಿ ನೀರೂ ಎಳ್ಕೊಂಡು ಬರುತ್ತೆ, ಜೊತೆಗೆ ಇಳಿಜಾರಿನ ಮೇಲ್ಗಡೆ ಇರೋ ಕಾಲೋನಿ ಮನೆಗಳಿಗೆ ಹನಿ ನೀರೂ ಹೋಗಲ್ಲ. ಆ ಕಾಲೋನಿಯ ಹೆಂಗಸರು ಬಿಂದಿಗೆ ಹೊತ್ಕೊಂಡು ನಮ್ಮ ಬೀದಿ ಸಿಸ್ಟನ್ನಿಗೆ ಬಂದಾಗ ನಾವು ಏನೇನಂದಿದ್ದೀವಿ ಅಂತ ನೆನಪು ಮಾಡ್ಕೊಳ್ಳಿ. ನೀರಿನ ಕಂದಾಯ ವರ್ಷಗಟ್ಲೆ ಬಾಕಿ ಇಟ್ಕೊಂಡಿರೋರೂ ನಾವೇ, ಅಂಗಡಿಯಿಂದ ದಿನಾ ಬಿಸ್ಲೇರಿ ತಗೊಳೋರೂ ನಾವೇ. ಹೊಸಾ ಮನೆ ಕಟ್ಟೋರು ದಯವಿಟ್ಟು ಗುಂಡಿಗೆ ತಳ ಹಾಕಿಸಿ, ಒಳಗೆ ಅಡ್ಡ ಗೋಡೆ ಕಟ್ಟಿ ಸರಿಯಾದ ಸೆಪ್ಟಿಕ್ ಟ್ಯಾಂಕ್ ಮಾಡಿಸಿ, ಗಾಡಿ ಪೈಪ್ ಇಳಿಸೋಕೆ ಮೇಲೊಂದು ಮುಚ್ಚಳ ಬಿಡಿ, ಟೈಲ್ಸ್ ಹಾಕಿ ಮುಚ್ಚಿಬಿಟ್ರೆ ಆಮೇಲೆ ಒಡೆಯೋಕೆ ಬರೋದು ಯಾರೋ ಬಡವರ ಮನೆ ಹುಡುಗ.

ಅದೊಂದು ಮಾತು ಖಡಾಖಂಡಿತವಾಗಿ ಹೇಳ್ಬೇಕು. ಸುರಕ್ಷತಾ ಸಲಕರಣೆ ಇಲ್ಲದೇ ಗುಂಡಿ ಒಳಗೆ ಮನುಷ್ಯರನ್ನ ಇಳಿಸೋದು ಮಲ ಹೊರೋ ಪದ್ಧತಿ ನಿಷೇಧಿಸೋ 2013ರ ಕಾಯ್ದೆ ಪ್ರಕಾರ ಅಪರಾಧ, ಇಳಿಸಿದೋರು ಜೈಲಿಗೂ ಹೋಗ್ಬೇಕಾಗ್ಬಹುದು. ಸತ್ರೆ 30 ಲಕ್ಷ ಪರಿಹಾರ ಕೊಡ್ಬೇಕು ಅಂತ ಸುಪ್ರೀಂ ಕೋರ್ಟು 2023ರ ಅಕ್ಟೋಬರಲ್ಲಿ ಹೇಳಿದೆ. ಆ ಗಾಳಿ ಒಂದ್ಸಲ ಒಳಕ್ಕೆ ಎಳ್ಕೊಂಡ್ರೆ ಕೂಗೋಕೂ ಟೈಮ್ ಸಿಗಲ್ಲ. ಗಾಡಿ ಎಳೀದೇ ಉಳಿದ ತಳದ ಗಸಿ ತೆಗೀಬೇಕು ಅಂತ ಸಂಜೆ ಹೊತ್ತು ಯಾರನ್ನೋ ಕರ್ಕೊಂಡು ಬಂದು ಕ್ವಾರ್ಟರ್ ಕೊಡಿಸಿ ಇಳಿಸೋದು ನಮ್ಮೂರಲ್ಲಿ ಇನ್ನೂ ನಿಂತಿಲ್ಲ, ನೀವೂ ನಾನೂ ಎಲ್ಲರೂ ಕಂಡಿದ್ದೀವಿ. ಪುರಸಭೆ ಹತ್ರ ಸ್ವಂತ ಗಾಡಿ, ಸ್ವಂತ ಜಾಗ, ಸರದಿ ಪಟ್ಟಿ ಇದ್ರೆ ಇದು ತಾನಾಗೇ ನಿಲ್ಲುತ್ತೆ. ನೀರು ಬಿಡೋ ಅಣ್ಣಂದಿರಿಗೂ ಗಮ್‌ಬೂಟು, ಗ್ಲೌಸು, ಟಾರ್ಚು ಕೊಡಿ, ಅವರಲ್ಲಿ ಎಷ್ಟೋ ಜನ ಹೊರಗುತ್ತಿಗೆ, ಸಂಬಳ ತಿಂಗಳು ತಡವಾಗಿ ಬಂದ್ರೂ ಬೆಳಗಿನ ಜಾವ ತಪ್ಪಿಸಲ್ಲ. ಊರಿನ ನೆಲದೊಳಗೆ ಯಾವ ಪೈಪ್ ಎಲ್ಲಿದೆ ಅನ್ನೋ ಮ್ಯಾಪು ಆಫೀಸಲ್ಲಿಲ್ಲ, ಅವರ ತಲೇಲಿದೆ. ಅವರನ್ನ ಕೂರಿಸ್ಕೊಂಡು ಆ ಮ್ಯಾಪ್ ಬರೆಸ್ಕೊಳ್ಳಿ, ಅವರು ರಿಟೈರ್ ಆಗೋದಕ್ಕೆ ಮುಂಚೆ.

ಮೇಡಂ, ಬರೋ ತಿಂಗಳ ಸಾಮಾನ್ಯ ಸಭೆಗೆ ಇದನ್ನ ಒಂದೇ ವಿಷಯವಾಗಿ ತಗೊಳ್ಳಿ ಅಂತ ಕೇಳ್ಕೊಳ್ತೀನಿ, ನೀರು ಬೇರೆ ಚರಂಡಿ ಬೇರೆ ಅಂತ ಎರಡು ಅಜೆಂಡಾ ಬೇಡ. ಈ ಪತ್ರದ ಕೆಳಗೆ ನಮ್ಮ ಬೀದಿಯ ನಲವತ್ತೊಂದು ಮನೆಯವರು ಸೈನ್ ಹಾಕಿದ್ದಾರೆ, ಅದರ ಪ್ರತಿ ಆಫೀಸಿಗೆ ಕೊಟ್ಟು ಸೀಲ್ ಹಾಕಿಸ್ಕೊಂಡಿದ್ದೀನಿ. ಅದಕ್ಕಿಂತ ಮುಂಚೆ ಒಂದು ದಿನ ನಮ್ಮ ಬೀದಿಗೆ ಬನ್ನಿ. ಮೊನ್ನೆ ಸೋಮವಾರ ನೀರು ಬಂದಿತ್ತು, ಅಂದ್ರೆ ಶನಿವಾರ ಬೆಳಗಿನ ಜಾವ ಮತ್ತೆ ಬರಬಹುದು. ನೀರು ಬಿಡೋ ಅಣ್ಣನಿಗೆ ಹೇಳಿರ್ತೀನಿ, ಅವರು ಹೊರಡೋ ಮುಂಚೆ ನನಗೆ ಮಿಸ್ಡ್ ಕಾಲ್ ಕೊಡ್ತಾರೆ, ನಾನು ನಿಮಗೆ ಫೋನ್ ಮಾಡ್ತೀನಿ. ಟಾರ್ಚ್ ನಾನೇ ತರ್ತೀನಿ. ಚಪ್ಪಡಿ ಸರಿಸಿದಾಗ ಆ ಗುಂಡಿ ಒಳಗೆ ನೀವೇ ಬಗ್ಗಿ ನೋಡಿ, ಆಮೇಲೆ ನಮ್ಮನೆ ಬಕೆಟ್ಟಿಗೆ ಬೀಳೋ ಮೊದಲ ಹತ್ತು ನಿಮಿಷದ ನೀರು ನೋಡಿ, ಕಾಫಿ ಫಿಲ್ಟರ್ ನೀರಲ್ಲೇ ಮಾಡಿರ್ತೀನಿ.

ಇಂತಿ,
ಬಸ್‌ಸ್ಟ್ಯಾಂಡ್ ಹತ್ರದ ಜೆರಾಕ್ಸ್ ಅಂಗಡಿಯವಳು